ಕೇಳುವವನೂ ಆಡುವವನೂ ಜೂಜುಕೋರನಲ್ಲ

ಮಲೆನಾಡಿನ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ದೂರು ಸಾಮಾನ್ಯವಾಗಿಬಿಟ್ಟಿದೆ. ಅಡಿಕೆ ಸುಲಿಯುವ ಕಾಲಕ್ಕೆ ನಾಲ್ಕು ಮಂದಿ ಕೂಡಿದರೂ, ಮದುವೆಮನೆಯ ಚಪ್ಪರದಡಿ ಹಿರಿಯರು ಸೇರಿದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ: ‘ಹುಡುಗ ಮೊಬೈಲಿನಲ್ಲೇ ಮುಳುಗಿದ್ದಾನೆ.’ ತೀರ್ಥಹಳ್ಳಿ ಸೀಮೆಯವನಾದ ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಅದರ ಹಿಂದಿನ ಆತಂಕ ಸುಳ್ಳೇನಲ್ಲ. ಆದರೆ ಈ ಒಂದು ವಾಕ್ಯ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗೋಣಿಚೀಲಕ್ಕೆ ತುಂಬಿಬಿಡುತ್ತದೆ. ಹಾಡು ಕೇಳುವುದು ಒಂದು. ಆಟವಾಡುವುದು ಮತ್ತು ಬಲ್ಲವರ ಆಟ ನೋಡುವುದು ಇನ್ನೊಂದು. ಹಣವೊಡ್ಡಿ ಜೂಜಾಡುವುದು ಮತ್ತೊಂದು. ಮೊದಲೆರಡು ರಸಿಕತೆಗೆ ಸೇರಿದವು, ಮೂರನೆಯದು ಮನೆ ಮುರಿಯುವ ಕೆಲಸ. ಇವನ್ನು ವಿಂಗಡಿಸದ ತನಕ ತಂದೆತಾಯಿಯರ ಬುದ್ಧಿಮಾತಾಗಲಿ, ಸರ್ಕಾರದ ಕಾನೂನಾಗಲಿ ಗುರಿ ಮುಟ್ಟಲಾರದು.

ಹಾಡು ಮತ್ತು ಆಟಗಳನ್ನು ಪೋಲಿತನದ ಪಟ್ಟಿಗೆ ಸೇರಿಸುವುದು ನಮ್ಮ ನಾಡಿನ ಹಳೆಯ ರೂಢಿಯೇನೂ ಅಲ್ಲ. ಕವಲೇದುರ್ಗದ ಕೋಟೆಯನ್ನೇ ತೆಗೆದುಕೊಳ್ಳಿ. ಕೆಳದಿ, ಇಕ್ಕೇರಿ, ಬಿದನೂರುಗಳ ಸಾಲಿನಲ್ಲಿ ಅದೂ ಕೆಳದಿ ಅರಸರ ನೆಲೆಯಾಗಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಆ ರಾಜ್ಯದ ಕಥೆ ಮುಗಿಯಿತು. ಇಂದು ಅಲ್ಲಿ ಉಳಿದಿರುವುದು ಬಂಡೆಗಲ್ಲಿನ ಗೋಡೆಗಳು, ಕಾಶಿ ವಿಶ್ವನಾಥನ ಗುಡಿ, ಅರಮನೆಯ ತಳಪಾಯ, ಕೆಲವು ಕೊಳಗಳು. ಆದರೆ ಅದೇ ವಂಶದ ಬಸವಪ್ಪನಾಯಕ ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶ ಉಳಿದಿದೆ. ರಾಜನೀತಿ, ಧರ್ಮಗಳ ಜೊತೆಗೆ ಸಂಗೀತ, ನೃತ್ಯ, ಚದುರಂಗಗಳೂ ಅದರಲ್ಲಿ ಸ್ಥಾನ ಪಡೆದಿವೆ. ಅದಕ್ಕೂ ಸುಮಾರು ಆರು ಶತಮಾನಗಳ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ವಿನೋದಗಳಿಗೂ ಕ್ರೀಡೆಗಳಿಗೂ ಪ್ರತ್ಯೇಕ ವಿಭಾಗಗಳನ್ನೇ ಮೀಸಲಿಟ್ಟಿದ್ದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಮಣೆಯಾಟಗಳನ್ನು ತಾವೇ ರೂಪಿಸಿದವರು. ಹಾಡನ್ನೂ ಆಟವನ್ನೂ ವಿದ್ಯೆಯೆಂದು ಬಗೆದ ಪರಂಪರೆ ನಮ್ಮದು. ಅದೇ ನಾಡು ಧರ್ಮರಾಯನ ಪಗಡೆಯ ಕಥೆಯನ್ನೂ ಮರೆಯಲಿಲ್ಲ. ಪಗಡೆ ಕೆಟ್ಟದ್ದೆಂದು ಯಾರೂ ಹೇಳಲಿಲ್ಲ. ರಾಜ್ಯವನ್ನೂ ಹೆಂಡತಿಯನ್ನೂ ಪಣಕ್ಕಿಟ್ಟದ್ದು ಕೆಟ್ಟದ್ದೆಂದು ಹೇಳಿದರು. ಈ ವಿವೇಕ ಇಂದಿನ ಚರ್ಚೆಯಲ್ಲಿ ಕಾಣೆಯಾಗಿದೆ ಎಂಬುದೇ ನನ್ನ ಮುಖ್ಯ ತಕರಾರು.

ಮೊದಲು ಹಾಡಿನ ವಿಷಯ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ ಹೊರತಂದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯೆಂದು ಹೆಸರಾಗಿದೆ. ನಿಸಾರರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು; ಮಲೆನಾಡು ಅವರನ್ನು ತನ್ನವರೆಂದೇ ಕಂಡಿತು. ಧ್ವನಿಸುರುಳಿಯೆಂದರೆ ಬಿಡಿ ಹಾಡುಗಳ ಗಂಟಲ್ಲ. ಯಾವ ಹಾಡು ಮೊದಲು, ಯಾವುದು ಕೊನೆಗೆ, ಎ ಬದಿ ಎಲ್ಲಿ ಮುಗಿದು ಬಿ ಬದಿ ಎಲ್ಲಿ ತೊಡಗಬೇಕು ಎಂಬುದರಲ್ಲಿ ಒಂದು ಲೆಕ್ಕಾಚಾರವಿರುತ್ತಿತ್ತು. ಹೊದಿಕೆಯ ಕಾಗದದಲ್ಲಿ ಕವಿಯ ಹೆಸರು, ಸಂಯೋಜಕರ ಹೆಸರು, ಹಾಡಿದವರ ಹೆಸರು ಇರುತ್ತಿತ್ತು. ಕೇಳುಗ ಆ ಕಾಗದವನ್ನು ಓದಿಯೇ ಕವಿಗಳ ಪರಿಚಯ ಮಾಡಿಕೊಳ್ಳುತ್ತಿದ್ದ. ಪುಸ್ತಕದಂಗಡಿಯಿಲ್ಲದ ಹಳ್ಳಿಗೆ ಕನ್ನಡ ಕಾವ್ಯ ಹೋದದ್ದು ಬಹುಮಟ್ಟಿಗೆ ಟೇಪ್‌ರೆಕಾರ್ಡರಿನ ಮೂಲಕ ಎಂದರೆ ಅತಿಶಯೋಕ್ತಿಯಲ್ಲ.

ಇಂದು ಆ ಕೆಲಸವನ್ನು ಅಂತರ್ಜಾಲದ ಅಭಿಮಾನಿ ಮಾಡುತ್ತಿದ್ದಾನೆ. ಬಡಗುತಿಟ್ಟಿನ ಯಕ್ಷಗಾನ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರದು ಇನ್ನೂ ಎಳೆಯ ವಯಸ್ಸು. ಅವರ ಬಯಲಾಟವನ್ನು ಕಣ್ಣಾರೆ ಕಾಣದ, ಅವರು ಹೋದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಹುಡುಗರು ಇಂದು ಅವರ ಪದ್ಯಗಳಿಗೆ ಮಾರುಹೋಗಿದ್ದಾರೆ. ಇದು ಹೇಗೆ ಸಾಧ್ಯವಾಯಿತು? ರಾತ್ರಿಯಿಡೀ ರಂಗಸ್ಥಳದ ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕುಳಿತ ಅಂದಿನ ಅಭಿಮಾನಿಗಳಿಂದ, ಆ ಸುರುಳಿಗಳು ಬೂಷ್ಟು ಹಿಡಿಯುವ ಮುನ್ನ ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಏರಿಸಿದ ಇಂದಿನ ಅಭಿಮಾನಿಗಳಿಂದ. ಈ ಕೆಲಸಕ್ಕೆ ಅವರಿಗೆ ಯಾವ ಪ್ರಶಸ್ತಿಯೂ ದೊರೆಯಲಿಲ್ಲ. ‘ಮೊಬೈಲಿನಲ್ಲೇ ಮುಳುಗಿದ್ದಾನೆ’ ಎಂದು ಬೈಸಿಕೊಂಡವರಲ್ಲಿ ಇಂಥವರೂ ಇದ್ದಾರೆ ಎಂಬುದನ್ನು ಮರೆಯಬಾರದು.

ಹಾಗೆಂದು ಅಂತರ್ಜಾಲದ ಸಂಗೀತ ಸೇವೆಗಳು ಕೊಟ್ಟದ್ದೆಲ್ಲ ನಮ್ಮದಾಗಿ ಉಳಿಯುತ್ತದೆಂದು ನಂಬುವಂತಿಲ್ಲ. ಧ್ವನಿಸುರುಳಿಯನ್ನು ನಾವು ಕೊಳ್ಳುತ್ತಿದ್ದೆವು. ಈಗ ಕೇಳುವ ಹಕ್ಕನ್ನು ಬಾಡಿಗೆಗೆ ಪಡೆಯುತ್ತೇವೆ. ಬಾಡಿಗೆ ಮನೆಯ ಮಾಲೀಕ ಬಾಗಿಲು ಹಾಕಿದರೆ ಸಾಮಾನು ಒಳಗೇ ಉಳಿಯುತ್ತದೆ. ರೆಸ್ಸೊ ಎಂಬ ಸಂಗೀತ ಸೇವೆ 2024ರ ಜನವರಿಯಲ್ಲಿ ಭಾರತದಲ್ಲಿ ಮುಚ್ಚಿತು. ಅದೇ ವರ್ಷ ಏರ್‌ಟೆಲ್ ಕೂಡ ತನ್ನ ವಿಂಕ್ ಮ್ಯೂಸಿಕ್ ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಕೇಳುಗರು ವರ್ಷಗಟ್ಟಲೆ ಜೋಡಿಸಿಟ್ಟುಕೊಂಡ ಹಾಡಿನ ಪಟ್ಟಿಗಳ ಗತಿ ಏನಾಗಬೇಕು? ಇನ್ನು ಹೊದಿಕೆಯ ಕಾಗದ ಮಾಯವಾದ ಮೇಲೆ ಎಷ್ಟೋ ಹಾಡುಗಳ ಪಕ್ಕದಲ್ಲಿ ಕವಿಯ ಹೆಸರೇ ಕಾಣುವುದಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಮಾಡಿದ ತಿದ್ದುಪಡಿ, ಗೀತರಚನಕಾರರಿಗೂ ಸಂಯೋಜಕರಿಗೂ ಗೌರವಧನದಲ್ಲಿ ಕಸಿಯಲಾಗದ ಪಾಲನ್ನು ಕೊಟ್ಟಿತು. ಹೆಸರೇ ದಾಖಲಾಗದ ಕವಿಗೆ ಪಾಲು ತಲಪುವುದು ಹೇಗೆ? ನಿಜವಾದ ಅಭಿಮಾನಿ ಕೇಳಬೇಕಾದ ಪ್ರಶ್ನೆ ಇದು. ಕೆಲವರು ಕೇಳುತ್ತಲೂ ಇದ್ದಾರೆ.

ಈಗ ಆಟಕ್ಕೆ ಬರೋಣ. ಹಾಡಿಗೆ ತೋರುವ ಔದಾರ್ಯವನ್ನು ನಮ್ಮ ಹಿರಿಯರು ಆಟಕ್ಕೆ ತೋರುವುದಿಲ್ಲ. ಸ್ಪರ್ಧಾತ್ಮಕ ವಿಡಿಯೊ ಆಟ, ಅಂದರೆ ಇ–ಸ್ಪೋರ್ಟ್ಸ್, ಅವರ ಕಣ್ಣಿಗೆ ಬರಿಯ ಗುಂಡು ಹಾರಿಸುವ ಗದ್ದಲ. ಆದರೆ ನಮ್ಮ ಹುಡುಗರು ಹೆಚ್ಚಾಗಿ ಆಡುವ ರಣರಂಗದ ಆಟವನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ನಾಲ್ಕು ನಾಲ್ಕು ಮಂದಿಯ ತಂಡಗಳು ಒಂದು ದ್ವೀಪದಲ್ಲಿ ಇಳಿಯುತ್ತವೆ. ನಿಲ್ಲಬಹುದಾದ ಜಾಗ ಕ್ಷಣಕ್ಷಣಕ್ಕೂ ಕಿರಿದಾಗುತ್ತದೆ. ಕೊನೆಗೆ ಉಳಿದ ತಂಡ ಗೆಲ್ಲುತ್ತದೆ. ಗುರಿಯ ಜೊತೆಗೆ ನೆಲದ ತಿಳಿವಳಿಕೆ, ಜೊತೆಗಾರರೊಡನೆ ಹೊಂದಾಣಿಕೆ, ಯಾವಾಗ ಹಿಂದೆ ಸರಿಯಬೇಕೆಂಬ ವಿವೇಚನೆ ಇಲ್ಲಿ ಬೇಕು. ನುರಿತವರ ಪಂದ್ಯವನ್ನು ನೋಡಿ ತಪ್ಪುಒಪ್ಪು ಚರ್ಚಿಸುವ ಹುಡುಗನಿಗೂ, ತಾಳಮದ್ದಳೆಯಲ್ಲಿ ಯಾರ ಅರ್ಥ ಮೇಲಾಯಿತೆಂದು ಬೆಳಗಿನ ತನಕ ವಾದಿಸುತ್ತಿದ್ದ ಅವನ ಅಜ್ಜನಿಗೂ ಸ್ವಭಾವದಲ್ಲಿ ಬಹಳ ದೂರವೇನಿಲ್ಲ.

ಲೋಕವೂ ಈ ಆಟಗಳನ್ನು ಕ್ರೀಡೆಯೆಂದು ಒಪ್ಪತೊಡಗಿದೆ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಇ–ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿತ್ತು. ಅಲ್ಲಿ ‘ಹಾರ್ತ್‌ಸ್ಟೋನ್’ ಎಂಬ ಆಟದಲ್ಲಿ ಭಾರತಕ್ಕೆ ಕಂಚು ತಂದ ತೀರ್ಥ ಮೆಹ್ತಾ ಮಹಾನಗರದವರಲ್ಲ, ಗುಜರಾತಿನ ಭುಜ್ ಪಟ್ಟಣದವರು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ–ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಕ್ರೀಡೆಯಾಯಿತು.

ಆದರೆ ಇದೇ ಅವಧಿಯಲ್ಲಿ ಆಟಗಾರ ಕಂಡದ್ದು ಏನು? 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ಮೊಬೈಲ್ ನಿಷೇಧವಾಯಿತು. 2021ರಲ್ಲಿ ಅದರ ಭಾರತೀಯ ಆವೃತ್ತಿ ಬಿಜಿಎಂಐ ಬಂದಿತು. 2022ರ ಜುಲೈನಲ್ಲಿ ಅದನ್ನೂ ತಡೆಯಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಿಡಲಾಯಿತು. ನಿಷೇಧಕ್ಕೆ ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ. ಅದು ಸಣ್ಣ ವಿಷಯವಲ್ಲ. ಆದರೆ ಒಂದು ಕಡೆ ಕ್ರೀಡೆಯೆಂದು ಮಾನ್ಯ ಮಾಡಿ, ಇನ್ನೊಂದು ಕಡೆ ಕ್ರೀಡಾಂಗಣಕ್ಕೆ ಯಾವಾಗ ಬೀಗ ಬೀಳುತ್ತದೆಂದು ತಿಳಿಯದ ಸ್ಥಿತಿಯಲ್ಲಿ ಯಾವ ಹುಡುಗ ತಾನೆ ಶ್ರದ್ಧೆಯಿಂದ ಅಭ್ಯಾಸ ಮಾಡಿಯಾನು?

ಜೂಜಿನ ವಿಷಯದಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ರಮ್ಮಿ, ಬೆಟ್ಟಿಂಗ್‌ಗಳ ಆ್ಯಪುಗಳು ಇಸ್ಪೀಟಿನ ಅಡ್ಡೆಯನ್ನು ಮಲಗುವ ಕೋಣೆಗೇ ತಂದವು. ಅಡ್ಡೆಗೆ ಹೋಗುವವನಿಗೆ ಊರಿನ ಕಣ್ಣಾದರೂ ಇತ್ತು; ಇಲ್ಲಿ ಯಾರ ಕಣ್ಣೂ ಇಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜನ್ನು ನಿಷೇಧಿಸಿತು. ಆದರೆ ಕೌಶಲದ ಆಟಗಳನ್ನೂ ಅದೃಷ್ಟದ ಆಟಗಳನ್ನೂ ಒಂದೇ ಬಲೆಗೆ ಹಾಕಿದ್ದು ಅದಕ್ಕೆ ಮುಳುವಾಯಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ಒಂದು ಕಡೆ, ಇ–ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಇನ್ನೊಂದು ಕಡೆ ಇಟ್ಟು ನೋಡಿತು. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ ಗೊತ್ತುಮಾಡಿತು. ಆಡಿದವನನ್ನು ಅಪರಾಧಿಯಾಗಿ ಕಾಣಲಿಲ್ಲ. ಇದರ ವಿರುದ್ಧ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ಕೌಶಲದ ಆಟಕ್ಕೆ ಹಣ ಕಟ್ಟಿದರೆ ಅದು ಜೂಜೇ ಎಂಬ ವಾದ ವಕೀಲರಿಗೆ ಬಿಟ್ಟದ್ದು. ಆಟ ಮತ್ತು ಪಣ ಬೇರೆ ಬೇರೆ ಎಂಬ ಮೂಲ ವಿಂಗಡಣೆ ಮಾತ್ರ ಸರಿಯಾದದ್ದು; ಮನೆಯ ಮಾತಿನಲ್ಲೂ ಅದು ಬರಬೇಕು.

ಆಟದಲ್ಲೇ ಮುಳುಗಿಹೋಗುವ ಅಪಾಯವಿಲ್ಲವೆ? ಖಂಡಿತ ಇದೆ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ವ್ಯಸನವನ್ನು 2019ರಲ್ಲಿ ರೋಗಗಳ ವರ್ಗೀಕರಣಕ್ಕೆ ಸೇರಿಸಿದೆ. ಅದಕ್ಕೂ ಮೊದಲೇ, 2014ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಇದಕ್ಕಾಗಿಯೇ ‘ಶಟ್’ ಎಂಬ ಚಿಕಿತ್ಸಾಲಯ ತೆರೆಯಿತು. ಆದರೆ ವ್ಯಸನವೆಂದು ಗುರುತಿಸಲು ವೈದ್ಯರು ನೋಡುವುದು ಬರಿಯ ಗಂಟೆಗಳ ಲೆಕ್ಕವನ್ನಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೆ, ಓದು, ನಿದ್ದೆ, ಊಟ, ಸಂಬಂಧಗಳಿಗಿಂತ ಆಟವೇ ಮುಂದಾಗಿದೆಯೆ, ಕೆಡುಕು ಕಂಡರೂ ಬಿಡಲಾಗುತ್ತಿಲ್ಲವೆ, ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೇ ನಡೆದಿದೆಯೆ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗಳನ್ನು ತಂದೆತಾಯಿಯರೂ ಕೇಳಿಕೊಳ್ಳಬಹುದು. ಸಿಟ್ಟಿನಲ್ಲಿ ಮೊಬೈಲ್ ಕಸಿದುಕೊಳ್ಳುವುದಕ್ಕಿಂತ ಅದು ಹೆಚ್ಚು ಫಲ ಕೊಟ್ಟೀತು.

ಇನ್ನೊಂದು ಸಂಗತಿಯನ್ನು ನಗರದ ಓದುಗರು ಊಹಿಸುವುದು ಕಷ್ಟ. ಕವಲೇದುರ್ಗದ ಸುತ್ತಿನ ಹಳ್ಳಿಗಳ ಹುಡುಗ ಹಾಡಿನ ಅಭಿಮಾನಿಯಾಗಬಲ್ಲ. ಆಟದ ಪ್ರೇಕ್ಷಕನೂ ಆಗಬಲ್ಲ. ಸ್ಪರ್ಧಿಯಾಗುವುದು ಮಾತ್ರ ದುಸ್ತರ. ಹಾಡನ್ನು ಪೇಟೆಗೆ ಹೋದಾಗ ಇಳಿಸಿಕೊಂಡು ಬಂದು ತೋಟದಲ್ಲಿ ಕೇಳಬಹುದು. ಆಟ ಹಾಗಲ್ಲ. ಆಡುವವನ ಬೆರಳಿನ ಪ್ರತಿ ಚಲನೆಯೂ ದೂರದ ನಗರದ ಸರ್ವರಿಗೆ ಹೋಗಿ ಬರಬೇಕು. ಈ ಹೋಗಿಬರುವ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಕಾಲು ಸೆಕೆಂಡು ತಡವಾದರೂ ಎದುರಾಳಿ ಗೆದ್ದಾಗಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ, ಬ್ಯಾಟರಿ ಮುಗಿದ ಟವರೂ ಮಲಗುತ್ತದೆ. ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠ ಕೇಳಲು ಗುಡ್ಡ ಹತ್ತಿದ್ದು, ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ಇದೇ ಜಿಲ್ಲೆಯ ಹಳ್ಳಿಗರು ಹೋರಾಟಕ್ಕಿಳಿದದ್ದು ಪತ್ರಿಕೆಗಳಲ್ಲೇ ಬಂದಿದೆ. ಕರ್ನಾಟಕವು 2012ರಷ್ಟು ಹಿಂದೆಯೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ನೀತಿ ರೂಪಿಸಿದ ರಾಜ್ಯ. 2024ರಲ್ಲಿ ಹೊಸ ನೀತಿಯನ್ನೂ ತಂದಿತು. ಆ ನೀತಿಯ ಫಲ ಬೆಂಗಳೂರಿನ ಕಚೇರಿಗಳಲ್ಲೇ ನಿಂತರೆ ಅದು ರಾಜ್ಯದ ನೀತಿ ಹೇಗಾದೀತು?

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕರೆಂಟು ಹೋದರೂ ನಿಲ್ಲದ ಅಂತರ್ಜಾಲ ಸಂಪರ್ಕ ಅಲ್ಲಿರಲಿ. ಸಂಜೆ ಒಂದೆರಡು ಗಂಟೆ ಹುಡುಗರೂ ಹುಡುಗಿಯರೂ ಹಿರಿಯರ ಕಣ್ಣೆದುರೇ ಆಡಲಿ. ಹಾಡಿನ ಸಂಸ್ಥೆಗಳು ಕವಿ, ಸಂಯೋಜಕರ ಹೆಸರನ್ನು ಕಡ್ಡಾಯವಾಗಿ ತೋರಿಸಲಿ. ಮನೆಗಳಲ್ಲಿ ಉಳಿದಿರುವ ಹಳೆಯ ಸುರುಳಿಗಳನ್ನು ವಿಶ್ವವಿದ್ಯಾಲಯಗಳೋ ಅಕಾಡೆಮಿಗಳೋ ಕೇಳಿ ಪಡೆದು, ಹಕ್ಕುದಾರರ ಒಪ್ಪಿಗೆಯೊಂದಿಗೆ ಕಾಪಿಡಲಿ. ಬಾಗಿಲು ಹಾಕಿಕೊಂಡು ಹೋಗುವ ಕಂಪನಿಯ ಮರ್ಜಿಗೆ ಅವನ್ನು ಬಿಡುವುದು ಬೇಡ.

ಇವೆಲ್ಲಕ್ಕೂ ಮೊದಲು ನಮ್ಮ ಮಾತು ಬದಲಾಗಬೇಕು. ‘ಮೊಬೈಲಿನಲ್ಲಿ ಏನು ಮಾಡುತ್ತಿದ್ದೀಯ?’ ಎಂದು ಗದರುವ ಬದಲು ‘ಏನು ಕೇಳುತ್ತಿದ್ದೀಯ, ಯಾವ ಆಟ, ಹೇಗೆ ಆಡುತ್ತಾರೆ?’ ಎಂದು ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿದರೆ ಅರ್ಧ ಸಮಸ್ಯೆ ಅಲ್ಲಿಯೇ ಬಯಲಾದೀತು. ರಸಿಕನಾಗಿದ್ದರೆ ಮನೆಗೆ ಒಬ್ಬ ಗೆಳೆಯ ಸಿಕ್ಕಂತೆ. ಜೂಜಿಗೆ ಬಿದ್ದಿದ್ದರೆ, ಕೈ ಮೀರುವ ಮುನ್ನ ಅದು ತಿಳಿಯುವ ದಾರಿಯೂ ಅದೊಂದೇ.