ಸ್ವರ ತಿದ್ದುವ ಯಂತ್ರ ನಮಗೆ ಬೇಕೆ?

ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡೀತು ಎಂಬುದು ನಮ್ಮಲ್ಲಿ ಹಳೆಯ ಗಾದೆ. ಆ ಗಾದೆ ಈಗ ಸಂಗೀತದ ಅಡಿಗೆಮನೆಯನ್ನೂ ಹೊಕ್ಕಿದೆ. ಒಂದು ಕಂಪ್ಯೂಟರು, ಒಂದು ಮೈಕು, ನಾಲ್ಕಾರು ತಂತ್ರಾಂಶಗಳು ಇದ್ದರೆ ಸಾಕು, ಯಾರು ಹಾಡಿದರೂ ಹಾಡು ತಾನಾಗಿ ಇಂಪಾಗುತ್ತದೆ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ದಿನೇ ದಿನೇ ಬೇರೂರುತ್ತಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ, ಎಲ್ಲಿಂದಾಚೆಗೆ ತಪ್ಪು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ನಮ್ಮದು ಕಲಾ ಕಾಲೇಜು. ಧ್ವನಿವಿಜ್ಞಾನದ ಪ್ರಯೋಗಶಾಲೆ ಇಲ್ಲಿಲ್ಲ, ನಿಜ. ಆದರೆ ಹಾಡುವವರೂ ಕೇಳುವವರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದುದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಮೊದಲು ನಡೆದ ಸಂಗತಿಯನ್ನು ಹೇಳಿಬಿಡುತ್ತೇನೆ. ಕಳೆದ ವರ್ಷ ಅಂತರ ಕಾಲೇಜು ಜನಪದ ಗೀತೆಯ ಸ್ಪರ್ಧೆಯೊಂದಕ್ಕೆ ನಾವು ಧ್ವನಿಮುದ್ರಣ ಮಾಡಿ ಕಳುಹಿಸಬೇಕಾಗಿತ್ತು. ನಮ್ಮ ಸಹಪಾಠಿಯೊಬ್ಬಳು ತನ್ನ ಅಜ್ಜಿಯಿಂದ ಕಲಿತ ಬೀಸುವ ಪದವೊಂದನ್ನು ಹಾಡಿದಳು. ಸಂಗೀತ ಸಂಘದ ಕಾರ್ಯದರ್ಶಿಯಾಗಿ ನಾನು ಜೊತೆಗೆ ಹೋಗಿದ್ದೆ. ಪಟ್ಟಣದ ಒಂದು ಚಿಕ್ಕ ಸ್ಟುಡಿಯೋದಲ್ಲಿ ಹಾಡಿದ್ದು ಮುಗಿದ ಮೇಲೆ, "ಸ್ವಲ್ಪ ಛಲೋ ಮಾಡಿ ಕೊಡ್ರಿ ಸರ್" ಎಂದವನು ನಾನೇ. ಆ ಮಾತಿಗೆ ಇಂದಿಗೂ ನನಗೆ ನಾಚಿಕೆಯಿದೆ. ಅವರು ಪರದೆಯ ಮೇಲೆ ಅವಳ ಸ್ವರದ ಗೆರೆಯನ್ನು ತೋರಿಸಿದರು. ಅಲ್ಲಲ್ಲಿ ಏರಿ ಇಳಿದು ಬಳುಕಿದ್ದ ಆ ಗೆರೆ ಎರಡು ಗಳಿಗೆಯಲ್ಲಿ ಮೆಟ್ಟಿಲು ಕಡೆದಂತೆ ನೆಟ್ಟಗಾಯಿತು. ಕೇಳಿ ನಾನು ಹಿಗ್ಗಿದೆ. ಮುದ್ರಿಕೆಗೆ ಎರಡನೆಯ ಬಹುಮಾನವೂ ಬಂತು.

ಅವಳು ಅದನ್ನು ಊರಿಗೆ ಒಯ್ದು ಅಜ್ಜಿಗೆ ಕೇಳಿಸಿದಳು. ಮುದುಕಿ ಮೊಬೈಲನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿ, "ಪದ ನಮ್ಮದ ಐತಿ. ಹಾಡಿದಾಕಿ ಯಾರವ್ವಾ?" ಎಂದಳಂತೆ. "ನಾನ ಆಯಿ" ಎಂದರೆ, "ಅಲ್ಲ ಬಿಡು, ಇದು ನಿನ್ನ ಗಂಟಲಲ್ಲ" ಎಂದಳಂತೆ. ಅಂದಿನಿಂದ ನಮ್ಮ ಗೆಳತಿ ವೇದಿಕೆ ಹತ್ತಿಲ್ಲ. "ಜನ ಆ ಮುದ್ರಿಕೆಯಲ್ಲಿರೋದನ್ನ ಕೇಳಬೇಕು ಅಂತ ಬರ್ತಾರ, ನನಗ ಹಾಂಗ ಹಾಡಾಕ ಬರಂಗಿಲ್ಲ" ಎನ್ನುತ್ತಾಳೆ. ತನ್ನ ಹಾಡಿಗೆ ತಾನೇ ಹೊರಗಿನವಳಾದ ಈ ಸ್ಥಿತಿಯೇ ನನ್ನನ್ನು ಈ ಲೇಖನಕ್ಕೆ ತಳ್ಳಿತು.

ಹಾಗೆಂದು ಯಂತ್ರವನ್ನೇ ಶಪಿಸುವುದು ಜಾಣತನವಲ್ಲ. ಮೊದಲು ಅದು ಏನೆಂದು ತಿಳಿಯೋಣ. ಧ್ವನಿಯನ್ನು ಸಂಕಲಿಸುವ ದೊಡ್ಡ ತಂತ್ರಾಂಶದೊಳಗೆ ಸೇರಿಸಿಕೊಳ್ಳಬಹುದಾದ ಚಿಕ್ಕ ಚಿಕ್ಕ ಸಾಧನಗಳಿಗೆ ಪ್ಲಗಿನ್ ಎಂದು ಹೆಸರು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ೧೯೯೬ರಲ್ಲಿ ಇವುಗಳಿಗೆ ವಿಎಸ್‌ಟಿ ಎಂಬ ಒಂದು ಸಮಾನ ವ್ಯವಸ್ಥೆಯನ್ನು ಹೊರತಂದ ಮೇಲೆ ಯಾರು ಬೇಕಾದರೂ ಪ್ಲಗಿನ್ ಬರೆಯುವುದಕ್ಕೂ, ಅದನ್ನು ಬೇರೆಯವರ ತಂತ್ರಾಂಶದಲ್ಲಿ ಬಳಸುವುದಕ್ಕೂ ದಾರಿ ತೆರೆಯಿತು. ಒಂದು ಪ್ಲಗಿನ್ ದಪ್ಪ ದನಿಯನ್ನೂ ತೆಳು ದನಿಯನ್ನೂ ಬೇಕಾದಂತೆ ಹೆಚ್ಚು ಕಡಿಮೆ ಮಾಡುತ್ತದೆ. ಇನ್ನೊಂದು, ಗಟ್ಟಿಯಾದ ಭಾಗವನ್ನು ಸ್ವಲ್ಪ ತಗ್ಗಿಸಿ ಮೆಲ್ಲನೆಯ ಭಾಗವೂ ಕೇಳಿಸುವಂತೆ ಸರಿದೂಗಿಸುತ್ತದೆ. ಮತ್ತೊಂದು ಫ್ಯಾನಿನ ಗುಂಯ್‌ಗುಡುವಿಕೆಯನ್ನು ಒರೆಸಿಹಾಕುತ್ತದೆ.

ಇವುಗಳಲ್ಲಿ ಮನಸ್ಸಿಗೆ ಹಿಡಿಸುವಂಥದು ಅನುರಣನದ ಪ್ಲಗಿನ್. ವಿಜಯಪುರದ ಗೋಲ ಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಅನುರಣನ ಎಂದರೇನೆಂದು ವಿವರಿಸಬೇಕಾಗಿಲ್ಲ. ಹಾಡಿನ ಸುತ್ತ ಇಂಥ ಒಂದು ಗಾಳಿಯನ್ನು ಕಟ್ಟಬೇಕೆಂಬ ಆಸೆ ಹಳೆಯದು. ಅಮೆರಿಕದ ಬಿಲ್ ಪಟ್ನಮ್ ಎಂಬ ಧ್ವನಿತಜ್ಞ ೧೯೪೭ರಲ್ಲಿ ಸ್ಟುಡಿಯೋದ ಬಚ್ಚಲುಮನೆಯನ್ನೇ ಪ್ರತಿಧ್ವನಿಯ ಕೋಣೆಯಾಗಿ ಬಳಸಿಕೊಂಡ. ೧೯೫೭ರಲ್ಲಿ ಜರ್ಮನಿಯ ಇಎಂಟಿ ಸಂಸ್ಥೆ ಚೌಕಟ್ಟಿನಲ್ಲಿ ತೂಗುಹಾಕಿದ ಉಕ್ಕಿನ ತಗಡೊಂದನ್ನು ಕಂಪಿಸಿ ಅದೇ ಪರಿಣಾಮವನ್ನು ಪಡೆಯಿತು. ಆ ಸಾಧನದ ತೂಕ ೨೫೦ ಕಿಲೋಗೂ ಮಿಕ್ಕಿತ್ತು. ಇಂದು ಒಂದು ಕಟ್ಟಡದೊಳಗೆ ಬಲೂನು ಒಡೆದು ಆ ಸದ್ದು ಅಡಗುವ ಬಗೆಯನ್ನು ಮುದ್ರಿಸಿಕೊಂಡರೆ, ಆ ಕಟ್ಟಡದಲ್ಲಿಯೇ ಹಾಡಿದಂತೆ ನಮ್ಮ ದನಿಯನ್ನು ಕೇಳಿಸುವ ಲೆಕ್ಕಾಚಾರವನ್ನು ಪ್ಲಗಿನ್ ಮಾಡುತ್ತದೆ. ಕಾಲು ಟನ್ನು ಉಕ್ಕು ಮಾಡುತ್ತಿದ್ದ ಕೆಲಸ ಬಡ ವಿದ್ಯಾರ್ಥಿಯ ಕಂಪ್ಯೂಟರಿನಲ್ಲಿ ಅಡಗಿರುವುದು ಸಾಮಾನ್ಯ ಸಂಗತಿಯಲ್ಲ. ಹಿಂದೆ ಹಣವಂತರ ಸ್ಟುಡಿಯೋಗಳಿಗೆ ಮಾತ್ರ ಒಲಿಯುತ್ತಿದ್ದ ಸೌಲಭ್ಯ ಹಳ್ಳಿಯ ಹುಡುಗನ ಕೈಗೂ ಬಂದಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ನನ್ನ ತಕರಾರು ಇರುವುದು ಸ್ವರ ತಿದ್ದುವ ಪ್ಲಗಿನ್‌ಗಳ ಕುರುಡು ಬಳಕೆಯ ಬಗ್ಗೆ. ಇವುಗಳಲ್ಲಿ ಹೆಸರಾದ ಆಟೋ-ಟ್ಯೂನ್ ೧೯೯೭ರಲ್ಲಿ ಹೊರಬಂತು. ಅದನ್ನು ರಚಿಸಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ತೈಲಶೋಧನೆಯ ಕ್ಷೇತ್ರದಲ್ಲಿ ದುಡಿದವರು. ನೆಲದೊಳಕ್ಕೆ ಕಳುಹಿಸಿದ ಕಂಪನಗಳು ಮರಳಿ ಬರುವುದನ್ನು ಗಣಿತದಿಂದ ಅಳೆದು ಎಣ್ಣೆ ಎಲ್ಲಿದೆ ಎಂದು ಊಹಿಸುವ ವಿದ್ಯೆ ಅದು. ಅದೇ ಬಗೆಯ ಗಣಿತದಿಂದ ಹಾಡುವವನ ಕೊರಳಿನ ಕಂಪನವನ್ನು ಅಳೆದು, ಅದು ಯಾವ ಸ್ವರಕ್ಕೆ ಹತ್ತಿರವಿದೆಯೋ ಆ ಸ್ವರಕ್ಕೆ ಎಳೆದು ನಿಲ್ಲಿಸುವುದು ಈ ತಂತ್ರಾಂಶದ ಕೆಲಸ. ಎಷ್ಟು ಬೇಗ ಎಳೆಯಬೇಕೆಂಬುದನ್ನು ನಾವೇ ಗೊತ್ತುಮಾಡಬಹುದು. ಬಹಳ ಬೇಗ ಎಳೆದರೆ ದನಿ ಯಂತ್ರಮಾನವನದಾಗುತ್ತದೆ.

ಎಳೆಯುವುದು ಸರಿ, ಎಲ್ಲಿಗೆ ಎಳೆಯುತ್ತದೆ? ಇದೇ ಮುಖ್ಯವಾದ ಪ್ರಶ್ನೆ. ಬೇರೆ ಏನೂ ಹೇಳದಿದ್ದರೆ ಅದು ಪಿಯಾನೋದ ಹನ್ನೆರಡು ಮನೆಗಳಿಗೆ ಎಳೆಯುತ್ತದೆ. ಆ ಮನೆಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಕಟ್ಟಿದವು. ನಮ್ಮ ತಂಬೂರಿಗೆ ಈ ಲೆಕ್ಕ ಗೊತ್ತಿಲ್ಲ. ಷಡ್ಜವು ಸೆಕೆಂಡಿಗೆ ೨೪೦ ಕಂಪನ ಎಂದಿಟ್ಟುಕೊಳ್ಳೋಣ. ತಂಬೂರಿಯ ಮಂದ್ರದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವನ್ನು ಈ ಸ್ಥಾಯಿಗೆ ಇಳಿಸಿ ನೋಡಿದರೆ ಸರಿಯಾಗಿ ೩೦೦ ಕಂಪನ. ಪಿಯಾನೋದ ಗಾಂಧಾರವಾದರೋ ೩೦೨.೪. ತಂಬೂರಿಗೆ ಕಿವಿಗೊಟ್ಟು ಗಾಂಧಾರದಲ್ಲಿ ನಿಂತ ಗಾಯಕಿಯನ್ನು ಈ ಯಂತ್ರ "ನೀನು ಶ್ರುತಿ ತಪ್ಪಿದ್ದೀ" ಎಂದು ಮೇಲಕ್ಕೆ ತಳ್ಳುತ್ತದೆ! ಶ್ರುತಿ ತಾಯಿ, ಲಯ ತಂದೆ ಎನ್ನುವ ನಾಡಿನಲ್ಲಿ ಮಗಳನ್ನು ತಾಯಿಯ ಮಡಿಲಿನಿಂದ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದಂತೆ ಆಯಿತು.

ಗಮಕದ ಮಾತಂತೂ ಇನ್ನೂ ಸೂಕ್ಷ್ಮವಾದುದು. ನಮ್ಮ ಸಂಗೀತದಲ್ಲಿ ಸ್ವರವೆಂದರೆ ಒಂದು ಚುಕ್ಕೆಯಲ್ಲ. ಒಂದರಿಂದ ಇನ್ನೊಂದಕ್ಕೆ ಜಾರುವ, ತೂಗುವ, ಕಂಪಿಸುವ ಒಂದು ನಡೆ. ತೋಡಿಯ ಗಾಂಧಾರವನ್ನು ಅಲುಗಿಸದೆ ಹಾಡಿದರೆ ಅದು ತೋಡಿಯಾಗಿ ಉಳಿಯುವುದೆ? ಬೀಸುವ ಪದ, ಸೋಬಾನೆ, ತತ್ತ್ವಪದಗಳಿಗೆ ಶಾಸ್ತ್ರದ ಹೆಸರುಗಳು ಇಲ್ಲದಿರಬಹುದು. ಆ ಜಾರು ಮಾತ್ರ ಅವುಗಳ ಜೀವ. ನಮ್ಮ ಗೆಳತಿಯ ಪದದಲ್ಲಿ ಯಂತ್ರ ತಪ್ಪೆಂದು ತಿದ್ದಿದ್ದು ಅವಳ ಅಜ್ಜಿ ಕಲಿಸಿದ್ದನ್ನೇ.

ಇದಕ್ಕೆ ಒಂದು ಪ್ರತಿವಾದ ಉಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಇದೇ ಆಕ್ಷೇಪಣೆಯನ್ನು ಹಿಂದೆ ಹಾರ್ಮೋನಿಯಂ ಮೇಲೂ ಹೊರಿಸಿದ್ದರು. ಅದರ ಮನೆಗಳು ಸ್ಥಿರ, ಅದರಲ್ಲಿ ಗಮಕ ನುಡಿಯದು ಎಂಬ ಕಾರಣದಿಂದ ೧೯೪೦ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾದದ್ದು ೧೯೭೧ರಲ್ಲಿ, ಅದೂ ಭಾಗಶಃ. ಈ ನಡುವೆ ಹಾರ್ಮೋನಿಯಂ ಸತ್ತಿತೆ? ಇಲ್ಲ. ನಾಟಕ ಕಂಪನಿಗಳಲ್ಲಿ, ಭಜನೆಯ ಮೇಳಗಳಲ್ಲಿ ಅದು ಬಾಳಿತು. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರಂಥ ಸಾಧಕರ ಬೆರಳಿನಲ್ಲಿ ಅದೇ ವಾದ್ಯ ಗೌರವದ ಸ್ಥಾನವನ್ನು ಪಡೆಯಿತು. ಹಾಗಾದರೆ ಸ್ವರ ತಿದ್ದುವ ಯಂತ್ರಕ್ಕೂ ನಾಳೆ ಅಂಥ ದಿನ ಬರಬಾರದೇಕೆ ಎಂದು ಮಿತ್ರರು ಕೇಳಬಹುದು.

ಬರಬಹುದು ಎಂಬುದೇ ನನ್ನ ಉತ್ತರ. ಆದರೆ ಒಂದು ಅಂತರವನ್ನು ಮರೆಯಬಾರದು. ಹಾರ್ಮೋನಿಯಂ ಹಾಡುವವನ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತು ನುಡಿಯುತ್ತದೆ. ಅದರ ಸ್ವರ ಬೇರೆ, ಕೊರಳಿನ ಸ್ವರ ಬೇರೆ ಎಂದು ಯಾರಿಗೂ ಗೊತ್ತಾಗುತ್ತದೆ. ಸ್ವರ ತಿದ್ದುವ ಯಂತ್ರವಾದರೋ ಕೊರಳಿನೊಳಗೇ ಹೊಕ್ಕು, ಅವಳ ಹೆಸರಿನಲ್ಲಿಯೇ ತಾನು ಹಾಡುತ್ತದೆ. ೧೯೯೮ರಲ್ಲಿ ಶೇರ್ ಎಂಬ ಅಮೆರಿಕನ್ ಗಾಯಕಿಯ 'ಬಿಲೀವ್' ಎಂಬ ಹಾಡಿನಿಂದ ಈ ಯಂತ್ರದ ದನಿ ಲೋಕಪ್ರಸಿದ್ಧವಾಯಿತು. ಆ ಹಾಡನ್ನು ರೂಪಿಸಿದವರು ಮೊದಲಿಗೆ ಗುಟ್ಟು ಬಿಟ್ಟುಕೊಡದೆ ಬೇರೊಂದು ಸಾಧನದ ಹೆಸರು ಹೇಳಿದ್ದರು! ಇದಕ್ಕೆ ಎದುರಾಗಿ ಟಿ-ಪೇನ್ ಎಂಬ ಗಾಯಕನನ್ನು ನೋಡಿ. ಆ ಯಾಂತ್ರಿಕ ದನಿಯನ್ನೇ ತನ್ನ ಗುರುತಾಗಿಸಿಕೊಂಡು, ಬಯಲಿನಲ್ಲಿಯೇ ಅದನ್ನು ವಾದ್ಯದಂತೆ ಬಳಸಿದವನು ಅವನು. ಸ್ವರ ತಿದ್ದುವ ಯಂತ್ರದ ನೆರವಿಲ್ಲದೆ ೨೦೧೪ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೋದ ಕಚೇರಿಯೊಂದರಲ್ಲಿ ಅವನು ಹಾಡಿದಾಗ, ಇವನಿಗೆ ಹಾಡಲು ಬರುತ್ತದೆಯೆ ಎಂದು ಅನುಮಾನಿಸಿದ್ದವರು ಬೆರಗಾದರು. ಹಾಡಬಲ್ಲವನ ಕೈಯಲ್ಲಿ ಯಂತ್ರ ವಾದ್ಯ; ಹಾಡಲಾರದವನ ಕೈಯಲ್ಲಿ ಅದು ಮುಸುಕು.

"ಬಹುಮಾನ ಬೇಕಾದರೆ ಎಲ್ಲರೂ ಮಾಡುವುದನ್ನೇ ಮಾಡಬೇಕಲ್ಲ" ಎಂದು ಒಬ್ಬ ಗೆಳೆಯ ನನ್ನೊಡನೆ ವಾದಿಸಿದ. ಉತ್ತರ ಪತ್ರಿಕೆಯನ್ನು ಬೇರೊಬ್ಬರಿಂದ ತಿದ್ದಿಸಿ ಅಂಕ ಪಡೆದರೆ ನಾವು ಅದನ್ನು ಏನೆಂದು ಕರೆಯುತ್ತೇವೆ? ಜನಪದ ಗೀತೆಯ ಸ್ಪರ್ಧೆಯಲ್ಲಿ ಕೊರಳೇ ಉತ್ತರ ಪತ್ರಿಕೆ. ಹಣ ತೆತ್ತು ತಿದ್ದಿಸಬಲ್ಲವರಿಗೂ ತಿದ್ದಿಸಲಾರದವರಿಗೂ ಒಂದೇ ಸಾಲು ಹಾಕಿ ಓಡಿಸುವುದು ಸ್ಪರ್ಧೆಯೆನಿಸದು.

ಆದುದರಿಂದ ನಮ್ಮ ಸಂಗೀತ ಸಂಘದ ಮುಂದೆ, ಅಧ್ಯಾಪಕ ವರ್ಗದ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ಕಾಲೇಜಿನ ಹೆಸರಿನಲ್ಲಿ ಹೊರಡುವ ಪ್ರತಿಯೊಂದು ಮುದ್ರಿಕೆಯ ಜೊತೆಗೆ, ಅದರ ಮೇಲೆ ಯಾವ ಯಾವ ಸಾಧನ ಬಳಸಿದೆವು ಎಂಬುದನ್ನು ಬರೆದು ಕಳುಹಿಸೋಣ. ಸದ್ದುಗದ್ದಲ ತೆಗೆಯುವುದು, ದನಿಯ ಏರಿಳಿತವನ್ನು ಸರಿದೂಗಿಸುವುದು, ಸ್ವಲ್ಪ ಅನುರಣನ ಸೇರಿಸುವುದು ಇವಕ್ಕೆ ಅಡ್ಡಿಯಿಲ್ಲ. ಜನಪದ ಮತ್ತು ಸುಗಮ ಸಂಗೀತದ ವಿಭಾಗಗಳಲ್ಲಿ ಸ್ವರ ತಿದ್ದುವುದು ಮಾತ್ರ ಬೇಡ. ಎರಡನೆಯದಾಗಿ, ತಿದ್ದದೆ ಇರುವ ಮೂಲ ಪ್ರತಿಯನ್ನು ಹಾಡಿದವರ ಹೆಸರು, ಊರು, ವರ್ಷದೊಂದಿಗೆ ನಮ್ಮ ಗ್ರಂಥಾಲಯದಲ್ಲಿ ಕಾದಿಡೋಣ. ಬೀಸುವ ಕಲ್ಲು ಮೂಲೆ ಸೇರಿದ ಈ ಕಾಲದಲ್ಲಿ ಆ ಪದಗಳು ಉಳಿಯುವುದಾದರೆ ಕೊರಳಿನ ಬಳುಕಿನ ಸಮೇತ ಉಳಿಯಲಿ.

ಮೂರನೆಯದಾಗಿ, ಈ ವಿದ್ಯೆಯನ್ನು ನಾವೇ ಕಲಿಯೋಣ. ಕದ್ದ ತಂತ್ರಾಂಶಗಳನ್ನು ಎಲ್ಲಿಂದಲೋ ಇಳಿಸಿಕೊಂಡು ಕಂಪ್ಯೂಟರಿಗೆ ರೋಗ ಅಂಟಿಸಿಕೊಳ್ಳುವ ಅಗತ್ಯವೇ ಇಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ೨೦೦೦ದಲ್ಲಿ ಹೊರಬಂದ ಆಡಾಸಿಟಿ ಎಂಬ ತಂತ್ರಾಂಶ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ನಮ್ಮ ಕಾಲೇಜಿನ ಹಳೆಯ ಕಂಪ್ಯೂಟರಿಗೂ ಅದು ಹೊರೆಯಾಗದು. ಒಂದು ಒಳ್ಳೆಯ ಮೈಕನ್ನು ಸಂಘದ ಹಣದಿಂದ ಕೊಂಡರೆ ಸಾಕು. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಅವರು ಮನಶ್ಶಾಸ್ತ್ರದ ಅಧ್ಯಾಪಕರು, ಎಂಜಿನಿಯರರಲ್ಲ. ಅಂಥ ಹಿರಿಯರ ನಾಡಿನಲ್ಲಿ, ಶನಿವಾರಕ್ಕೊಂದು ಗಂಟೆ ಧ್ವನಿಮುದ್ರಣ ಕಲಿಯುವುದು ನಮ್ಮಿಂದ ಆಗದ ಕೆಲಸವೆ?

ಕೊನೆಯದಾಗಿ ಒಂದು ಸಣ್ಣ ನಿಯಮ. ಯಾವ ಹಾಡನ್ನು ತಿದ್ದುವ ಮೊದಲೂ ಪರದೆಯನ್ನು ಆರಿಸಿ, ಕಣ್ಣು ಮುಚ್ಚಿ ಒಂದು ಸಲ ಪೂರ್ತಿ ಕೇಳೋಣ. ಆ ಸ್ಟುಡಿಯೋದಲ್ಲಿ ನಾನು ಮಾಡಿದ ತಪ್ಪು ಇದೇ: ಹಾಡನ್ನು ಕಿವಿಯಿಂದ ಕೇಳುವ ಬದಲು ಗೆರೆಯನ್ನು ಕಣ್ಣಿನಿಂದ ನೋಡಿದೆ. ಗೆರೆ ಡೊಂಕಾಗಿತ್ತು, ಹಾಡು ನೆಟ್ಟಗೇ ಇತ್ತು.

ಇಂಗು ತೆಂಗು ಅಡಿಗೆಗೆ ಬೇಕು. ಅವನ್ನು ಬೇಡವೆನ್ನುವವನು ನಾನಲ್ಲ. ಆದರೆ ಇಂಗನ್ನೇ ಉಂಡು ಹೊಟ್ಟೆ ತುಂಬಿಸಿಕೊಂಡವರು ಯಾರೂ ಇಲ್ಲ. ನಮ್ಮ ಗೆಳತಿ ಈ ವರ್ಷದ ವಾರ್ಷಿಕೋತ್ಸವದಲ್ಲಿಯೂ ಹಾಡಲು ಒಪ್ಪಲಿಲ್ಲ. ಮುಂದಿನ ವರ್ಷವಾದರೂ ಅವಳು ತನ್ನ ಗಂಟಲಿನಲ್ಲಿಯೇ, ಆಯಿ ಕಲಿಸಿದಂತೆಯೇ, ನಮ್ಮೆದುರು ಆ ಪದವನ್ನು ಹಾಡುವಂತೆ ಮಾಡುವ ಹೊಣೆ ಅವಳದಲ್ಲ, ನಮ್ಮದು. ನನ್ನ ಮಾತಿನಲ್ಲಿ ಎಲ್ಲಿಯಾದರೂ ಅಪಸ್ವರ ಕೇಳಿಸಿದ್ದರೆ ಗುರುಹಿರಿಯರು ತಿದ್ದಬೇಕೆಂದು ಬೇಡುತ್ತೇನೆ.

— ಅಂತಿಮ ಬಿ. ಎ. ವಿದ್ಯಾರ್ಥಿ