ಮಳೆಗೆ ಮುಂಚೆ ಲಸಿಕೆ ಕೊಡಿ: ಕುರಿಗಾಹಿಗಳ ಮತ್ತು ಹೈನುಗಾರರ ಹಕ್ಕೊತ್ತಾಯ ಪತ್ರ

ಇವರಿಗೆ,
ಮಾನ್ಯ ಪಶುಸಂಗೋಪನೆ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
(ಮಾನ್ಯ ತಹಶೀಲ್ದಾರರ ಮೂಲಕ)

ವಿಷಯ: ಕುರಿ, ಮೇಕೆ, ದನಗಳಿಗೆ ಬರುವ ಸಾಮಾನ್ಯ ರೋಗಗಳ ತಡೆ ಮತ್ತು ಚಿಕಿತ್ಸೆ ಕುರಿತು.

ಮಾನ್ಯರೇ,

ಶಿರಾ, ಹಿರಿಯೂರು, ಚಳ್ಳಕೆರೆ ಸೀಮೆಯ ಕುರಿಗಾಹಿಗಳೂ ಹೈನುಗಾರರೂ ಸೇರಿ ಈ ಪತ್ರ ಕೊಡುತ್ತಿದ್ದೇವೆ. ಮಳೆ ನೆಚ್ಚಿ ಬೇಸಾಯ ಮಾಡುವ ಈ ಕಡೆ ಶೇಂಗಾ, ರಾಗಿ ಕೈಕೊಟ್ಟ ವರ್ಷ ಮನೆ ನಡೆಸುವುದು ರೊಪ್ಪದ ಕುರಿ, ಕೊಟ್ಟಿಗೆಯ ಹಸು. ಮಗನ ಕಾಲೇಜು ಫೀಸಿಗೆ ಟಗರು ಮಾರುತ್ತೇವೆ, ವಾರದ ಸಂತೆಗೆ ಹಾಲಿನ ಬಟವಾಡೆ ನೋಡುತ್ತೇವೆ. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಸುಮಾರು 1.1 ಕೋಟಿ ಕುರಿಗಳು, 61 ಲಕ್ಷ ಮೇಕೆಗಳು, 84 ಲಕ್ಷ ದನಗಳು, 29 ಲಕ್ಷಕ್ಕೂ ಹೆಚ್ಚು ಎಮ್ಮೆಗಳು ಇವೆ. ಇವುಗಳ ಹಿಂದೆ ಎಷ್ಟು ಸಂಸಾರಗಳಿವೆ ಎಂಬುದನ್ನು ತಾವೇ ಊಹಿಸಬಹುದು.

ನಮ್ಮ ಅಹವಾಲು ಇಷ್ಟೇ. ಯಾವ ರೋಗ ಯಾವ ಮಳೆಗೆ ಬರುತ್ತದೆಂದು ನಮಗೆ ಗೊತ್ತು, ಇಲಾಖೆಗೂ ಗೊತ್ತು. ರೋಗಕ್ಕಿಂತ ಮುಂಚೆ ಲಸಿಕೆ ಬರಲಿ. ಇದು ಆಗದ ಮಾತೇನಲ್ಲ. ನಮ್ಮ ಅಜ್ಜಂದಿರು ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಎಂಬ ಹೆಸರು ಕೇಳಿದರೆ ನಡುಗುತ್ತಿದ್ದರು. ಊರ ದನಗಳನ್ನೇ ಬಳಿದುಕೊಂಡು ಹೋಗುತ್ತಿದ್ದ ಆ ರೋಗ ಸತತ ಲಸಿಕೆಯಿಂದ, ಬಿಗಿ ನಿಗಾದಿಂದ ತೊಲಗಿತು. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ಅದರಿಂದ ಮುಕ್ತವಾಯಿತು. ಇಂದಿನ ಹುಡುಗರಿಗೆ ಅದರ ಹೆಸರೂ ತಿಳಿಯದು. ಅದೇ ಶ್ರದ್ಧೆಯನ್ನು ಈಗಿನ ರೋಗಗಳ ಮೇಲೂ ತೋರಿಸಿ ಎಂದು ಕೇಳುತ್ತಿದ್ದೇವೆ.

1. ಲಸಿಕೆಯ ವೇಳಾಪಟ್ಟಿ ಮಳೆ ನೋಡಿ ತಯಾರಾಗಲಿ.

ಕರುಳುಬೇನೆ ಯಾವಾಗ ಬರುತ್ತದೆಂದು ಯಾವ ಕುರಿಗಾಹಿಯನ್ನು ಕೇಳಿದರೂ ಹೇಳುತ್ತಾನೆ. ಕೃತ್ತಿಕೆ, ರೋಹಿಣಿ ಮಳೆ ಬಿದ್ದು ಬಯಲು ಹಸಿರಾಗುತ್ತದೆ. ಬೇಸಿಗೆಯೆಲ್ಲ ಒಣಗಡ್ಡಿ ಕಡಿದ ಕುರಿ ಎಳೆ ಹುಲ್ಲಿಗೆ ಬಾಯಿ ಹಾಕಿ ಹೊಟ್ಟೆ ಬಿರಿಯುವಂತೆ ಮೇಯುತ್ತದೆ. ಕರುಳಿನಲ್ಲಿ ಮೊದಲೇ ಇದ್ದ ಬ್ಯಾಕ್ಟೀರಿಯಾ ಆಗ ಒಮ್ಮೆಲೇ ಹೆಚ್ಚಿ ವಿಷ ಕಾರುತ್ತದೆ. ಮೊದಲು ಸಾಯುವುದು ಮಂದೆಯಲ್ಲೇ ಮೈತುಂಬಿಕೊಂಡ ಮರಿ. ಸಂಜೆ ಕುಣಿಯುತ್ತ ರೊಪ್ಪಕ್ಕೆ ಬಂದದ್ದು ರಾತ್ರಿ ಹಲ್ಲು ಕಡಿಯುತ್ತದೆ, ಕತ್ತು ಹಿಂದಕ್ಕೆ ಸೆಟೆದು ಕಾಲು ಬಡಿಯುತ್ತದೆ, ಬೆಳಗಾಗುವಷ್ಟರಲ್ಲಿ ಹೊಟ್ಟೆ ಉಬ್ಬಿ ಬಿದ್ದಿರುತ್ತದೆ. ವೈದ್ಯರನ್ನು ಕರೆತರುವಷ್ಟು ವೇಳೆಯನ್ನೂ ಈ ರೋಗ ಕೊಡುವುದಿಲ್ಲ. ಲಸಿಕೆಯೊಂದೇ ದಾರಿ, ಅದು ಭರಣಿ ಮಳೆಗೆ ಮುಂಚೆ, ಅಂದರೆ ಏಪ್ರಿಲ್ ತಿಂಗಳ ಒಳಗೆ ಆಗಬೇಕು. ಮೊದಲ ಸಲ ಹಾಕಿಸಿಕೊಳ್ಳುವ ಮರಿಗೆ ಎರಡು-ಮೂರು ವಾರ ಬಿಟ್ಟು ಇನ್ನೊಂದು ಡೋಸು ಬೇಕು.

ಸರ್ಕಾರದ ಆರ್ಥಿಕ ವರ್ಷ ಶುರುವಾಗುವುದೇ ಏಪ್ರಿಲ್ 1ಕ್ಕೆ. ಆಮೇಲೆ ಹಣ ಬಿಡುಗಡೆಯಾಗಿ, ಟೆಂಡರು ಕರೆದು, ಸೀಸೆ ನಮ್ಮ ಹಟ್ಟಿ ಮುಟ್ಟುವುದು ಜೂನ್-ಜುಲೈ ಆದರೆ ಸಾಯಬೇಕಾದ ಮರಿಗಳು ಅಷ್ಟರಲ್ಲಿ ಸತ್ತಿರುತ್ತವೆ. ಆದ್ದರಿಂದ ಕರುಳುಬೇನೆ ಲಸಿಕೆಯ ಖರೀದಿ ಹಿಂದಿನ ವರ್ಷದ ಲೆಕ್ಕದಲ್ಲೇ ಫೆಬ್ರವರಿಗೆ ಮುಗಿಯಬೇಕು. ದನಗಳ ಗಳಲೆ ರೋಗ, ಚಪ್ಪೆ ರೋಗದ ಲಸಿಕೆಗೂ ಇದೇ ಮಾತು: ಮುಂಗಾರು ಹಿಡಿಯುವ ಮುಂಚೆ ಮುಗಿಯಬೇಕು.

ಹಿಂಗಾರಿನಲ್ಲಿ ಬರುವುದು ನೀಲಿ ನಾಲಿಗೆ. ಚಿತ್ತೆ, ಸ್ವಾತಿ ಮಳೆಯ ತೇವದಲ್ಲಿ ಕಣ್ಣಿಗೆ ಕಂಡೂ ಕಾಣದ ನುಸಿ ಏಳುತ್ತದೆ, ಅದರ ಕಡಿತದಿಂದ ರೋಗ ಹರಡುತ್ತದೆ. ಕುರಿಯ ತುಟಿ, ಮೂತಿ ಊದಿ, ಬಾಯಿ ಹುಣ್ಣಾಗಿ, ಗೊರಸಿನ ಮೇಲಂಚು ಕೆಂಪೇರಿ ಅದು ಕುಂಟುತ್ತದೆ. ಹುಲ್ಲು ಮುಂದಿದ್ದರೂ ಮೇಯಲಾರದೆ ಸೊರಗುತ್ತದೆ. ಈ ಲಸಿಕೆ ಆಗಸ್ಟ್-ಸೆಪ್ಟೆಂಬರಿನಲ್ಲಿ ಆಗಬೇಕು. ಕಾಲುಬಾಯಿ ರೋಗಕ್ಕೆ 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಆಸರೆ ಇದೆ. ಕರುಳುಬೇನೆಗೂ ನೀಲಿ ನಾಲಿಗೆಗೂ ಹಾಗೆ ದೇಶವ್ಯಾಪಿ ಸುತ್ತುಗಳಿಲ್ಲ, ರಾಜ್ಯವೇ ಹೊಣೆ ಹೊರಬೇಕು. ಹೆಬ್ಬಾಳದಲ್ಲಿ ಲಸಿಕೆ ತಯಾರಿಸುವ ಸರ್ಕಾರದ್ದೇ ಸಂಸ್ಥೆ ಇದೆ. ಅದಕ್ಕೆ ಬೇಕಾದ ಹಣ, ಯಂತ್ರ, ಜನ ಕೊಟ್ಟು ಉತ್ಪಾದನೆ ಹೆಚ್ಚಿಸಿ.

ಕಾಲುಬಾಯಿ ಲಸಿಕೆಯಲ್ಲೂ ಆರು ತಿಂಗಳ ಅಂತರ ತಪ್ಪಬಾರದು. ಒಂದು ಸುತ್ತು ಜಾರಿದರೆ ಹಿಂದಿನ ಸುತ್ತಿನ ಶ್ರಮವೂ ಹೋಗುತ್ತದೆ. 2013ರಲ್ಲಿ ಈ ರೋಗ ರಾಜ್ಯದಲ್ಲಿ ಸಾವಿರಾರು ದನಗಳನ್ನು ಕೊಂದದ್ದನ್ನು ಹಾಲು ಕರೆಯುವ ಯಾರೂ ಮರೆತಿಲ್ಲ.

2. ವಲಸೆ ಹೋದ ಮಂದೆಗೆ ಅದು ಇರುವಲ್ಲೇ ಲಸಿಕೆ ಸಿಗಬೇಕು.

ಸುಗ್ಗಿ ಮುಗಿದ ಮೇಲೆ ನಮ್ಮ ಮಂದೆಗಳು ಊರಲ್ಲಿ ಇರುವುದಿಲ್ಲ. ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ, ತೋಟಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತ ತಿಂಗಳುಗಟ್ಟಲೆ ಹೊರಗಿರುತ್ತೇವೆ. ಲಸಿಕೆಯವರು ಊರಿಗೆ ಬಂದಾಗ ಹಟ್ಟಿಯಲ್ಲಿ ಮುದುಕರು, ಮಕ್ಕಳು, ನಾಲ್ಕು ಮೇಕೆ ಇರುತ್ತವೆ. ಮಂದೆ ಇರುವ ಊರಿನಲ್ಲಿ ಕೇಳಿದರೆ, ನಿಮ್ಮ ಕುರಿ ನಮ್ಮ ಪಟ್ಟಿಯಲ್ಲಿಲ್ಲ, ನಿಮ್ಮೂರಲ್ಲೇ ಹಾಕಿಸಿಕೊಳ್ಳಿ ಎನ್ನುತ್ತಾರೆ. ಎಲ್ಲರಿಗಿಂತ ಹೆಚ್ಚು ಊರು ಸುತ್ತಿ, ಎಲ್ಲರ ಕುರಿಗಳ ಜತೆ ಒಂದೇ ಕೆರೆಯಲ್ಲಿ ನೀರು ಕುಡಿಯುವ ಮಂದೆಯೇ ಹೀಗೆ ಲಸಿಕೆಯಿಲ್ಲದೆ ಉಳಿಯುತ್ತದೆ. ಕುರಿ-ಮೇಕೆಗಳ ಹಿರೇಬೇನೆ (ಪಿಪಿಆರ್) ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ದಾಟುವುದಕ್ಕೆ ಇದಕ್ಕಿಂತ ಸುಲಭದ ದಾರಿ ಬೇಕಿಲ್ಲ.

ಹಿರೇಬೇನೆಯ ಲಸಿಕೆ ಒಮ್ಮೆ ಹಾಕಿದರೆ ಸುಮಾರು ಮೂರು ವರ್ಷ ಕಾಯುತ್ತದೆ. 2030ರೊಳಗೆ ಜಗತ್ತಿನಿಂದಲೇ ಈ ರೋಗವನ್ನು ತೊಲಗಿಸುವ ಗುರಿ ಇದೆ. ವಲಸೆ ಮಂದೆಗಳನ್ನು ಬಿಟ್ಟು ಆ ಗುರಿ ಮುಟ್ಟಲಾಗದು. ಆದ್ದರಿಂದ ನಮ್ಮ ಬೇಡಿಕೆ:

ಅ) ಕುರಿಗಾಹಿಗೆ ಮಂದೆಯ ಲಸಿಕಾ ಪುಸ್ತಕ ಕೊಡಿ. ಯಾವ ಜಿಲ್ಲೆಯ ಪಶು ಆಸ್ಪತ್ರೆಯಾದರೂ ಲಸಿಕೆ ಹಾಕಿ ಅದರಲ್ಲಿ ಬರೆಯಲಿ.
ಆ) ವಲಸೆ ದಾರಿಗಳು ಇಲಾಖೆಗೆ ಗೊತ್ತಿರುವಂಥವೇ. ಹೊರಡುವ ಮುಂಚೆ ಊರಲ್ಲಿ, ತಂಗುವ ಕಡೆ ಅಚ್ಚುಕಟ್ಟಿನಲ್ಲಿ, ಎರಡೂ ಕಡೆ ಶಿಬಿರ ನಡೆಸಿ.
ಇ) ಶಿಬಿರ ಬೆಳಗ್ಗೆ ಏಳರೊಳಗೆ ಶುರುವಾಗಲಿ. ಹತ್ತಕ್ಕೆ ಬಂದರೆ ಕುರಿ ಕಾವಲಿಗೆ ಹೋಗಿರುತ್ತದೆ.

3. ಲಸಿಕೆ ತಂಪಾಗಿಯೇ ಹಟ್ಟಿ ತಲುಪಬೇಕು.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಬೇಕು. ಬಿಸಿಲಲ್ಲೂ ಕೆಡುತ್ತದೆ, ಕಾಲುಬಾಯಿ ಲಸಿಕೆಯಂತೂ ಹೆಪ್ಪುಗಟ್ಟಿದರೂ ಕೆಡುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬೈಕಿನ ಹಿಂದೆ ಕಟ್ಟಿದ ಥರ್ಮಕೋಲ್ ಪೆಟ್ಟಿಗೆ, ಅದರೊಳಗೆ ಮಧ್ಯಾಹ್ನಕ್ಕೆ ಕರಗಿ ನೀರಾದ ಐಸು, ಆ ನೀರಿನಲ್ಲಿ ಲೇಬಲ್ಲು ಕಿತ್ತು ತೇಲುವ ಸೀಸೆಗಳು: ಇದನ್ನು ನೋಡಿದವನಿಗೆ ಲಸಿಕೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ಹಾಕಿಸಿದರೂ ರೋಗ ಬಂತು ಎಂದು ಒಬ್ಬ ಹೇಳಿದರೆ ಮುಂದಿನ ಸುತ್ತಿಗೆ ಅರ್ಧ ಊರು ಬಾಗಿಲು ಹಾಕಿಕೊಳ್ಳುತ್ತದೆ. ಪ್ರತಿ ಪಶು ಆಸ್ಪತ್ರೆಗೆ ಕರೆಂಟು ಹೋದರೂ ತಂಪು ಹಿಡಿಯುವ ಫ್ರಿಜ್ಜು, ಲಸಿಕೆ ಹಾಕುವವರಿಗೆ ಗಟ್ಟಿ ಪೆಟ್ಟಿಗೆ, ಐಸ್ ಪ್ಯಾಕು ಕೊಡಿ. ಸೂಜಿ ಉಳಿಸಲು ಹೋಗಬೇಡಿ. ಒಂದೇ ಸೂಜಿಯನ್ನು ಇಡೀ ಮಂದೆಗೆ ಚುಚ್ಚಿದರೆ ರೋಗವನ್ನು ನಾವೇ ದಾಟಿಸಿದಂತಾಗುತ್ತದೆ.

4. ಖಾಲಿ ಹುದ್ದೆ ತುಂಬಿ, 1962 ಸಹಾಯವಾಣಿಯ ಪಶು ಚಿಕಿತ್ಸಾ ವಾಹನ ಹಳ್ಳಿ ಮುಟ್ಟಲಿ.

ಐದು ಸಾವಿರ ಜಾನುವಾರು ಘಟಕಕ್ಕೆ ಒಬ್ಬ ಪಶುವೈದ್ಯರಿರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. ಈಗಲೂ ಒಬ್ಬ ವೈದ್ಯರು ಎರಡು-ಮೂರು ಆಸ್ಪತ್ರೆಗಳ ಪ್ರಭಾರ ಹೊತ್ತು ಓಡಾಡುವುದನ್ನು ಕಾಣುತ್ತೇವೆ. ಅವರ ಮೇಲೆ ನಮಗೆ ಸಿಟ್ಟಿಲ್ಲ. ರಾತ್ರಿ ಹಸು ಕರು ಹಾಕಲಾರದೆ ಒದ್ದಾಡುವಾಗ, ಕರು ಹಾಕಿದ ಮಾರನೇ ದಿನ ಹಾಲು ಜ್ವರದಿಂದ ಮೈ ತಣ್ಣಗಾಗಿ ಕತ್ತು ಮಡಚಿ ಮಲಗಿರುವಾಗ, ನರಕ್ಕೆ ಕ್ಯಾಲ್ಸಿಯಂ ಹನಿಸಲು ಒಂದು ಕೈ ಬೇಕು. ಕರೆ ಮಾಡಿದ ಎಷ್ಟು ಹೊತ್ತಿಗೆ ವಾಹನ ಬಂತು ಎಂಬ ಲೆಕ್ಕ ತಾಲ್ಲೂಕುವಾರು ಪ್ರತಿ ತಿಂಗಳು ಪ್ರಕಟವಾಗಲಿ.

5. ರೋಗದ ಮುನ್ಸೂಚನೆ ಕನ್ನಡದಲ್ಲಿ ಪಂಚಾಯಿತಿಗೆ ಬರಲಿ.

ಯಲಹಂಕದ ನಿವೇದಿ ಸಂಸ್ಥೆ ಯಾವ ಜಿಲ್ಲೆಗೆ ಯಾವ ಪಶುರೋಗ ಬರಬಹುದೆಂದು ಎರಡು ತಿಂಗಳು ಮೊದಲೇ ಅಂದಾಜು ಹೇಳುತ್ತದೆ. ನಮ್ಮ ನಾಡಿನಲ್ಲೇ ಕೂತು ಮಾಡುವ ಈ ಕೆಲಸ ನಮ್ಮ ಕುರಿಗಾಹಿಯ ಕಿವಿಗೆ ಬೀಳುತ್ತಿಲ್ಲ. ಹಾಲಿನ ಡೇರಿಯ ಹಲಗೆ, ಪಂಚಾಯಿತಿ ಧ್ವನಿವರ್ಧಕ, ಆಕಾಶವಾಣಿಯ ಕೃಷಿ ಕಾರ್ಯಕ್ರಮ, ಕುರಿಗಾಹಿಯ ಮೊಬೈಲು: ಇವುಗಳ ಮೂಲಕ ತಿಂಗಳಿಗೊಮ್ಮೆ ತಿಳಿಸಿ.

6. ಕೆಚ್ಚಲು ಬಾವಿಗೆ ಪರೀಕ್ಷೆ ಡೇರಿಯಲ್ಲೇ ಆಗಲಿ, ಔಷಧಕ್ಕೆ ಶಿಸ್ತು ಬರಲಿ.

ಹೈನುಗಾರರ ಮನೆ ಮುರಿಯುವುದು ಹೆಚ್ಚಾಗಿ ಕೆಚ್ಚಲು ಬಾವು. ಕೆಚ್ಚಲು ಕಲ್ಲಾಗಿ, ಹಾಲು ಒಡೆದು ಗಡ್ಡೆ ಬರುವ ಹೊತ್ತಿಗೆ ಆ ಮೊಲೆ ಅರ್ಧ ಕೆಟ್ಟಿರುತ್ತದೆ. ಅದಕ್ಕೂ ಎಷ್ಟೋ ಮೊದಲೇ, ಹಾಲು ನೋಡಲು ಚೆನ್ನಾಗಿರುವಾಗಲೇ, ತಟ್ಟೆಗೆ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಹಿಂಡಿ ಒಂದು ದ್ರಾವಣ ಬೆರೆಸಿ ಅಲ್ಲಾಡಿಸಿದರೆ ರೋಗದ ಹಾಲು ಲೋಳೆಯಾಗುತ್ತದೆ. ಖರ್ಚು ಅಲ್ಪ. ಈ ದ್ರಾವಣ, ತಟ್ಟೆ ಪ್ರತಿ ಹಾಲು ಉತ್ಪಾದಕರ ಸಂಘದಲ್ಲೂ ಇರಬೇಕು. ಹಾಲು ಕರೆಯುವವರು ಬಹುಪಾಲು ಹೆಣ್ಣುಮಕ್ಕಳು. ತರಬೇತಿಯ ಪಟ್ಟಿಯಲ್ಲಿ ಮಾತ್ರ ಗಂಡಸರ ಹೆಸರೇ ಇರುತ್ತದೆ. ಕರೆದ ಮೇಲೆ ಮೊಲೆಯ ತೂತು ಅರ್ಧ ಗಂಟೆಯಷ್ಟು ಹೊತ್ತು ತೆರೆದಿರುತ್ತದೆ, ಆಗ ಹಸು ಸಗಣಿಯ ಮೇಲೆ ಮಲಗದಂತೆ ಮುಂದೆ ಮೇವು ಹಾಕಿ ನಿಲ್ಲಿಸಬೇಕು. ಇಂಥ ಮಾತು ತಲುಪಬೇಕಾದದ್ದು ಅವರಿಗೆ. ಪಶು ಸಖಿಯರ ಮೂಲಕ ಮನೆಮನೆಗೆ ತಲುಪಿಸಿ. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಲೇಪವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಹೇಳಿಕೊಡುತ್ತಿದೆ, ಅದನ್ನೂ ಕಲಿಸಿ.

ಇನ್ನು ಆ್ಯಂಟಿಬಯಾಟಿಕ್ ವಿಷಯ. ಚೀಟಿಯಿಲ್ಲದೆ ಅಂಗಡಿಯಲ್ಲಿ ಇಂಜೆಕ್ಷನ್ ಸಿಗುತ್ತದೆ. ಎರಡು ದಿನ ಚುಚ್ಚಿಸಿ, ಊತ ಇಳಿಯಿತೆಂದು ನಿಲ್ಲಿಸಿದರೆ ರೋಗಾಣು ಇನ್ನಷ್ಟು ಮೊಂಡಾಗಿ ಮರಳುತ್ತದೆ. ಚಿಕಿತ್ಸೆಯ ದಿನಗಳ ಹಾಲನ್ನು ಕ್ಯಾನಿಗೆ ಸುರಿಯಬಾರದು ಎನ್ನುತ್ತೀರಿ, ಸರಿಯೇ. ಆ ಹಾಲು ಕುಡಿಯುವ ಮಕ್ಕಳು ನಮ್ಮವೂ ಹೌದು. ಆದರೆ ಆ ದಿನಗಳ ಬಟವಾಡೆ ಇಲ್ಲದೆ ಒಂದೇ ಹಸುವಿನ ಮನೆ ನಡೆಯುವುದು ಹೇಗೆ? ವೈದ್ಯರ ಚೀಟಿ ತೋರಿಸಿ ಹಾಲು ತಡೆಹಿಡಿದವರಿಗೆ ಒಕ್ಕೂಟದಿಂದ ಅರ್ಧ ಬೆಲೆಯಾದರೂ ಸಿಗಲಿ. ದಂಡಕ್ಕಿಂತ ಇದು ಬೇಗ ಫಲ ಕೊಡುತ್ತದೆ.

ನೋವಿನ ಔಷಧ ಡೈಕ್ಲೋಫೆನಾಕನ್ನು ದನಗಳಿಗೆ ಕೊಡುವುದನ್ನು 2006ರಲ್ಲೇ ನಿಷೇಧಿಸಲಾಗಿದೆ. ಆ ಔಷಧ ಪಡೆದು ಸತ್ತ ದನದ ಮಾಂಸ ತಿಂದು ರಣಹದ್ದುಗಳು ಬಹುಪಾಲು ಅಳಿದವು. ಅದರ ಬದಲಿಗೆ ಕೊಡಬಹುದಾದ ಮೆಲಾಕ್ಸಿಕಾಮ್ ಎಲ್ಲ ಪಶು ಆಸ್ಪತ್ರೆಗಳಲ್ಲೂ ಸದಾ ಸಿಗುವಂತೆ ನೋಡಿಕೊಳ್ಳಿ.

7. ಕಂದು ರೋಗದಿಂದ (ಬ್ರುಸೆಲ್ಲೋಸಿಸ್) ದನ, ಮನುಷ್ಯ ಇಬ್ಬರನ್ನೂ ಕಾಪಾಡಿ.

ಗಬ್ಬದ ಹಸು ತಿಂಗಳು ತುಂಬುವ ಮುಂಚೆ ಕಂದು ಹಾಕಿದಾಗ ಬರಿಗೈಯಲ್ಲಿ ಬಳಿದು ಎಸೆಯುವವರು ನಮ್ಮ ಮನೆಯ ಹೆಂಗಸರು. ಆಮೇಲೆ ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವಿಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾರೆ. ಇದಕ್ಕೆ ಲಸಿಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ, ಜೀವಮಾನಕ್ಕೆ ಒಂದೇ ಸಲ. ಆ ವಯಸ್ಸು ದಾಟಿದರೆ ಅವಕಾಶ ಹೋಯಿತು. ಹುಟ್ಟಿದ ಹೆಣ್ಣುಗರುಗಳ ಪಟ್ಟಿ ಡೇರಿಯಲ್ಲೇ ಇಟ್ಟು ಒಂದೂ ತಪ್ಪದಂತೆ ಹಾಕಿಸಿ. ಲಸಿಕೆ ಹಾಕುವವರಿಗೂ ಇದು ಅಪಾಯ ತರಬಲ್ಲದು, ಅವರಿಗೆ ಕೈಗವಸು, ಕನ್ನಡಕ ಕೊಡಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದನ ಸಾಕುವವರ ದೀರ್ಘ ಜ್ವರಕ್ಕೆ ಈ ರೋಗದ ರಕ್ತ ಪರೀಕ್ಷೆ ಆಗಲಿ.

8. ಸತ್ತ ಪ್ರಾಣಿಗೆ ಗುಂಡಿ, ಸಾಕಿದವನಿಗೆ ಪರಿಹಾರ.

ಅನುಗ್ರಹ ಯೋಜನೆಯ ಪರಿಹಾರವನ್ನು 2025-26ರ ಬಜೆಟ್ಟಿನಲ್ಲಿ ದೊಡ್ಡ ಕುರಿ-ಮೇಕೆಗೆ 5,000ದಿಂದ 7,500 ರೂಪಾಯಿಗೆ, ದನ-ಎಮ್ಮೆಗೆ 10,000ದಿಂದ 15,000 ರೂಪಾಯಿಗೆ ಏರಿಸಿದ್ದಕ್ಕೆ ಕೃತಜ್ಞರಾಗಿದ್ದೇವೆ. ಆದರೆ ಕುರಿ ಸಾಯುವುದು ವಲಸೆಯಲ್ಲಿ, ಕಾಗದ ಕೇಳುವುದು ಸ್ವಂತ ತಾಲ್ಲೂಕಿನಲ್ಲಿ. ಸತ್ತ ಜಾಗದ ವೈದ್ಯರ ವರದಿಯೇ ಸಾಕೆಂದು ಆದೇಶ ಮಾಡಿ. ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನವಿದ್ದರೆ ಹೆಣ ಕೊಯ್ಯಲೇಬಾರದು, ಅದರ ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಅಂಥ ಸಾವಿಗೆ ಮರಣೋತ್ತರ ಪರೀಕ್ಷೆಯ ಬದಲು ಕಿವಿಯ ರಕ್ತದ ಲೇಪ ಪರೀಕ್ಷೆಯ ವರದಿಯನ್ನು ಪರಿಹಾರಕ್ಕೆ ಒಪ್ಪಿಕೊಳ್ಳಿ. ಪ್ರತಿ ಪಂಚಾಯಿತಿಯೂ ಕೆರೆ-ಹಳ್ಳದಿಂದ ದೂರ ಹೂಳುವ ಜಾಗ ಗುರುತಿಸಿ, ಆಳದ ಗುಂಡಿಗೆ ಜೆಸಿಬಿ, ಸುಣ್ಣ ಒದಗಿಸಲಿ.

9. ಸಂತೆ, ಜಾತ್ರೆಗಳಲ್ಲಿ ತಪಾಸಣೆ.

2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನಗಳ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಮಾರುವವನಿಗೂ ಕೊಳ್ಳುವವನಿಗೂ ನಷ್ಟವಾಯಿತು. ಸಂತೆಯ ಬಾಗಿಲಲ್ಲಿ ಒಬ್ಬ ಪಶುವೈದ್ಯ ಸಿಬ್ಬಂದಿ, ಲಸಿಕಾ ಪುಸ್ತಕದ ತಪಾಸಣೆ, ಕಾಯಿಲೆಯ ಪ್ರಾಣಿಗೆ ಬೇರೆ ಕಟ್ಟೆ ಇಷ್ಟನ್ನು ವರ್ಷವಿಡೀ ನಡೆಸಿ.

10. ಜಂತುಹುಳುವಿಗೆ ಸಗಣಿ, ಹಿಕ್ಕೆ ಪರೀಕ್ಷೆ ಮಾಡಿ ಔಷಧ ಕೊಡಿ. ಒಂದೇ ಔಷಧವನ್ನು ವರ್ಷಾನುಗಟ್ಟಲೆ ಕುಡಿಸಿ ಈಗ ಹುಳು ಬಗ್ಗುತ್ತಿಲ್ಲ.

11. ನಾವು ಕೊಡುವ ಮಾತು.

ಜಾನುವಾರುಗಳ ಸಾಂಕ್ರಾಮಿಕ ರೋಗ ತಡೆಗೆ 2009ರ ಕಾಯ್ದೆ ಇದೆ. ರೋಗದ ಅನುಮಾನ ಬಂದ ಕೂಡಲೇ ತಿಳಿಸುವುದು ಸಾಕಿದವನ ಕರ್ತವ್ಯವೆಂದು ಅದು ಹೇಳುತ್ತದೆ. ನಾವು ತಿಳಿಸುತ್ತೇವೆ. ಬಾಯಲ್ಲಿ ಜೊಲ್ಲು ಸುರಿಯುವ ದನವನ್ನು, ಮೂಗು ಸೋರುವ ಕುರಿಯನ್ನು ಸಂತೆಗೆ ಹೊಡೆಯುವುದಿಲ್ಲ. ಹೊಸದಾಗಿ ತಂದ ಕುರಿಯನ್ನು ಎರಡು ವಾರವಾದರೂ ಬೇರೆ ಕಟ್ಟುತ್ತೇವೆ. ಹೆಣವನ್ನು ಕೆರೆಗೆ ಎಸೆಯುವುದಿಲ್ಲ. ಲಸಿಕೆ ಹಾಕಿಸಿದರೆ ಎರಡು ದಿನ ಹಾಲು ಕಡಿಮೆಯಾದೀತೆಂಬ ಕಾರಣಕ್ಕೆ ಹಸುವನ್ನು ಬಚ್ಚಿಡುವುದಿಲ್ಲ, ಬಚ್ಚಿಡುವ ನೆರೆಯವರಿಗೂ ತಿಳಿಹೇಳುತ್ತೇವೆ.

ಮಾನ್ಯರೇ, ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನು ಬೇಡ. ಮೊದಲ ಎರಡು ಬೇಡಿಕೆಗಳಿಗೆ ಈ ಫೆಬ್ರವರಿಯೊಳಗೆ ಸರ್ಕಾರಿ ಆದೇಶ ಹೊರಡಬೇಕು. ಉಳಿದವುಗಳ ಬಗ್ಗೆ ತಾವು ಕುರಿಗಾಹಿಗಳು ಮತ್ತು ಹೈನುಗಾರರ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿ ಪ್ರತಿಯೊಂದಕ್ಕೂ ಲಿಖಿತ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶಿರಾ, ಹಿರಿಯೂರು, ಚಳ್ಳಕೆರೆ ಸೀಮೆಯ ಕುರಿಗಾಹಿಗಳು ಮತ್ತು ಹೈನುಗಾರರು