ಸಿನಿಮಾದ ಮೂಲೆಯಲ್ಲಿ ಗಡಿಯಾರ ಎಲ್ಲಿ?

ಸೆಮಿನಾರಿನಲ್ಲಿ ನನ್ನ ಯೀಸ್ಟ್ ಸಿನಿಮಾ ಮುಗಿದಾಗ ಚಪ್ಪಾಳೆ ಬಿತ್ತು. ಹಸಿರಾಗಿ ಹೊಳೆಯುವ ಒಂದು ಜೀವಕೋಶ ಮೊಗ್ಗೊಡೆದು ಎರಡಾಗಿ, ನಾಲ್ಕಾಗಿ ಪರದೆ ತುಂಬಿತ್ತು. ಹಿಂದಿನ ಸಾಲಿನಿಂದ ಹಿರಿಯರೊಬ್ಬರು, "ತಂಗೀ, ಇದು ಎಷ್ಟ್ ತಾಸಿಂದು?" ಎಂದರು. ಪರದೆಯ ಮೇಲೆ ಅದು ಎಲ್ಲೂ ಇರಲಿಲ್ಲ.

ಲೆಕ್ಕ ಸರಳ. ಸೂಕ್ಷ್ಮದರ್ಶಕದಡಿ 5 ನಿಮಿಷಕ್ಕೊಂದರಂತೆ 12 ತಾಸು ತೆಗೆದರೆ 144 ಚಿತ್ರ. ಸೆಕೆಂಡಿಗೆ 12ರಂತೆ ಓಡಿಸಿದರೆ 12 ಸೆಕೆಂಡು. ಅಂದರೆ 3600 ಪಟ್ಟು ವೇಗ! ಒಳ್ಳೆಯ ಆಹಾರವಿದ್ದಾಗಲೂ ಸುಮಾರು 90 ನಿಮಿಷ ಹಿಡಿಯುವ ಯೀಸ್ಟಿನ ವಿಭಜನೆ ಒಂದೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ.

"ಪ್ರೆಸೆಂಟೇಶನ್‌ಗೆ ಇಷ್ಟ ಸಾಕ ಬಿಡು, ತಾಸು-ನಿಮಿಷ ಪೇಪರ್‌ನ್ಯಾಗ ಇರ್ತಾವಲ್ಲ" ಎಂದರು ಗೆಳೆಯರು. ನಾನು ಒಪ್ಪುವುದಿಲ್ಲ. ಕೂತವರಲ್ಲಿ ಪೇಪರ್ ತೆರೆಯುವವರೆಷ್ಟು ಜನ? ಅವರು ಮನೆಗೆ ಒಯ್ಯುವುದು ಓಡಾಡಿದ ಚಿತ್ರವನ್ನು. 1950ರ ದಶಕದಲ್ಲಿ ಡೇವಿಡ್ ರಾಜರ್ಸ್ 16 ಎಂಎಂ ಫಿಲ್ಮಿನಲ್ಲಿ ಹಿಡಿದ, ಬ್ಯಾಕ್ಟೀರಿಯಾದ ಬೆನ್ನಟ್ಟುವ ಬಿಳಿ ರಕ್ತಕಣವನ್ನು ಇಂದಿಗೂ ತರಗತಿಗಳಲ್ಲಿ ತೋರಿಸುತ್ತಾರೆ. ಅದರ ಬಗ್ಗೆ ಬರೆದದ್ದನ್ನು ಓದಿದವರು ಕಡಿಮೆ. ಕಥೆಗಾರ ಕೂಡ "ಹನ್ನೆರಡು ವರ್ಷ ಕಳೆದವು" ಎಂದು ಹೇಳಿಯೇ ಮುಂದೆ ಹೋಗುತ್ತಾನೆ. ನಾವು ಅಷ್ಟನ್ನೂ ಹೇಳುವುದಿಲ್ಲ.

ನನ್ನ ತಪ್ಪು ಇನ್ನೂ ಇತ್ತು. ಬೆಳಕು ಬಿದ್ದಂತೆಲ್ಲ ಹೊಳೆಯುವ ಪ್ರೋಟೀನ್ ಮಂಕಾಗುತ್ತದೆ. ನಾನು ಪ್ರತಿ ಚಿತ್ರಕ್ಕೂ ಬೇರೆ ಬೇರೆಯಾಗಿ ಬ್ರೈಟ್‌ನೆಸ್ ಹೊಂದಿಸಿದ್ದೆ. ಮೊದಲಿನಿಂದ ಕೊನೆತನಕ ಒಂದೇ ಹೊಳಪು, ನೋಡಲು ಚೆಂದ. ಆದರೆ ನನ್ನ ಪ್ರಶ್ನೆಯೇ ಪ್ರೋಟೀನ್ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂಬುದಾಗಿತ್ತು! ಉತ್ತರವನ್ನು ನಾನೇ ಅಳಿಸಿಹಾಕಿದ್ದೆ.

ಇನ್ನು ಕೆಲವರು ಚಿತ್ರ ಜಿಗಿಯಬಾರದೆಂದು ಎರಡು ಫ್ರೇಮುಗಳ ನಡುವೆ ಸಾಫ್ಟ್‌ವೇರಿನಿಂದ ಹೊಸ ಫ್ರೇಮು ಹುಟ್ಟಿಸುತ್ತಾರೆ. ನಮ್ಮೂರು ಸಾರವಾಡದ ಡೋಣಿ ಹೊಳೆಯನ್ನು ದಿನಕ್ಕೊಂದು ಫೋಟೋ ತೆಗೆಯಿರಿ. ರಾತ್ರಿ ಏರಿ ನಸುಕಿಗೆ ಇಳಿದ ನೀರು ಅದರಲ್ಲಿರುವುದಿಲ್ಲ. ನಡುವಿನ ಚಿತ್ರ ಬರೆಯಲು ಸಾಫ್ಟ್‌ವೇರಿಗೆ ಹೇಳಿದರೆ ಅದು ಶಾಂತ ಹೊಳೆಯನ್ನೇ ಬರೆಯುತ್ತದೆ. ಹೊಲದಲ್ಲಿ ಜೋಳ ಕೊಚ್ಚಿಹೋದವನಿಗೆ ಆ ಸಿನಿಮಾ ತೋರಿಸಿ ನೋಡೋಣ.

ಇಮೇಜ್‌ಜೆ ಪುಕ್ಕಟೆ ಸಿಗುತ್ತದೆ. ಸಮಯ, ಅಳತೆಪಟ್ಟಿ ಎರಡನ್ನೂ ಅದರಲ್ಲೇ ಕೂರಿಸಬಹುದು; ಹತ್ತು ನಿಮಿಷದ ಕೆಲಸ. ನಾನು ಸಿನಿಮಾ ಮತ್ತೆ ಮಾಡಿದೆ, ಎಲ್ಲ ಚಿತ್ರಕ್ಕೂ ಒಂದೇ ಬ್ರೈಟ್‌ನೆಸ್ ಇಟ್ಟು. ಈಗ ಅರ್ಧಕ್ಕೇ ಹಸಿರು ಮಂಕಾಗುತ್ತದೆ. ಮುಂದಿನ ಸೆಮಿನಾರಿನಲ್ಲಿ ಚಪ್ಪಾಳೆ ಬರಲಿಲ್ಲ. ಮೂರು ಜನ ಕೈ ಎತ್ತಿದರು.